ಪುಸ್ತಕದಲ್ಲಿಲ್ಲದ ತಮ್ಮ

ಆ ವರ್ಷ ನನ್ನ ಕೆಲಸ ಇಷ್ಟೇ: ಹಳ್ಳಿಗೆ ಹೋಗುವುದು, ಫೋನಿನಿಂದ ಒಂದು ಕಥೆ ಕೇಳಿಸುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಕೂಡುವುದು. ಮೊದಲ ಎರಡನ್ನು ಚೆನ್ನಾಗಿ ಮಾಡಿದೆ. ಮೂರನೆಯದರಲ್ಲಿ ಸೋತೆ. ಆ ಸೋಲನ್ನು ಹೊತ್ತುಕೊಂಡವನು ನನ್ನ ತಮ್ಮ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಇಂಡಿ ಪಟ್ಟಣದ ನಿಂಬೆಹಣ್ಣಿನ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ ಮಾಡಿದವಳು. ಈ ಬರಹದ ಕಾಗುಣಿತವನ್ನು ತಮ್ಮನೇ ತಿದ್ದಿದ್ದಾನೆ. ಮಾತುಗಳು ನನ್ನವು. ಅವನ ಬಗ್ಗೆ ಹೆಮ್ಮೆಯಿಂದ ಬರೆದ ಕಡೆಯೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದು ‘ಇದು ಬ್ಯಾಡ’ ಎಂದು ಬರೆದಿದ್ದ. ಆ ಗೆರೆಗಳನ್ನು ನಾನು ಒರೆಸಿದ್ದೇನೆ.

ನಮ್ಮ ಸಭೆಗಳ ಜಗಳದ ಮೂಲ ಬೈಬಲ್ಲಿನ ಅನುವಾದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಕ್ರೈಸ್ತ ಮನೆಗಳು ಕಡಿಮೆ. ಮೂರು ತಿಂಗಳಿಗೊಮ್ಮೆ ನಾಲ್ಕೂ ಕಡೆಯವರು ಇಂಡಿಯ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸೇರುತ್ತೇವೆ. ಆರಾಧನೆಯ ನಡುವೆ ಎಲ್ಲರೂ ಒಟ್ಟಿಗೆ ವಾಕ್ಯ ಓದುವ ಪದ್ಧತಿ ಇದೆ. ಹಿಂದೆ ಎಲ್ಲರ ಕೈಯಲ್ಲೂ ಒಂದೇ ಕಪ್ಪು ರಟ್ಟಿನ ಹಳೆಯ ಪುಸ್ತಕ ಇತ್ತು, ಎಲ್ಲರ ದನಿಯೂ ಒಂದಾಗಿ ಏಳುತ್ತಿತ್ತು. ಆಮೇಲೆ ಸಿಂದಗಿಯವರು ಸರಳ ಕನ್ನಡದ ಹೊಸ ಪುಸ್ತಕ ತಂದರು. ಹುಡುಗರು ಫೋನಿನಲ್ಲಿ ಇನ್ನೊಂದನ್ನು ತೆಗೆದರು. ಒಂದು ಭಾನುವಾರ ಮೂರೂ ಒಟ್ಟಿಗೆ ಶುರುವಾಗಿ, ಒಬ್ಬರು ಮುಗಿಸಿದರೂ ಇನ್ನೊಬ್ಬರು ಓದುತ್ತಲೇ ಇದ್ದು, ಕೊನೆಗೆ ಸಂತೆಯಂತಾಗಿ ಪಾಸ್ಟರ್ ‘ಸಾಕು’ ಎಂದು ಕೈ ಎತ್ತಬೇಕಾಯಿತು.

ಹಳೆಯದನ್ನು ಹಿಡಿದವರಲ್ಲಿ ಮುಖ್ಯರು ಬಾಗೇವಾಡಿಯ ಒಬ್ಬ ಹಿರಿಯರು. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರ ತಂದೆ ಕೂಲಿ ಮಾಡುತ್ತ, ಶಾಲೆಯ ಮೆಟ್ಟಿಲು ಹತ್ತದೆ, ಅದೇ ಕಪ್ಪು ಪುಸ್ತಕ ಇಟ್ಟುಕೊಂಡು ಅಕ್ಷರ ಕಲಿತರಂತೆ. ಹಾಗಾಗಿ ಅವರ ಮಾತನ್ನು ಹಠ ಎಂದು ತಳ್ಳಿಹಾಕುವಂತಿರಲಿಲ್ಲ.

‘ನಮ್ಮ ಮಾತು ಹೊಲಕ್ಕ ಸಾಕು, ಸಂತಿಗೆ ಸಾಕು,’ ಎನ್ನುತ್ತಿದ್ದರು. ‘ದೇವರ ಮಾತಿಗೆ ಒಂದು ಗತ್ತು ಬೇಕಪಾ. ನಾಳೆ ದೇವರಿಗೂ ಲುಂಗಿ ಉಡಸ್ತೀರೇನು?’

ಈ ಮಾತನ್ನು ಅವರು ಹೇಳಿದ್ದು ನನ್ನ ತಮ್ಮನಿಗೆ. ಅವನು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದವನು. ನಮ್ಮ ಕಡೆಯ ಮಾತಿನಲ್ಲೇ ಸುವಾರ್ತೆಯನ್ನು, ಯೇಸುವಿನ ಕಥೆಯನ್ನು, ತರಬೇಕು, ಓದಲು ಬಾರದವರೂ ಕೇಳಿ ತಿಳಿಯುವಂತಿರಬೇಕು ಎಂದು ನಾಲ್ಕು ವರ್ಷದಿಂದ ಆ ಕೆಲಸಕ್ಕೆ ಕೂತಿದ್ದ. ಮೂಲದ ಗ್ರೀಕ್ ಭಾಷೆ ಬಲ್ಲ ಒಬ್ಬ ಶಿಕ್ಷಕಿ, ನಮ್ಮ ಮಾತಿನಲ್ಲಿ ಬಾಯಾರು, ಧಾರವಾಡದಿಂದ ಬಂದು ಅವನ ಒಂದೊಂದು ವಾಕ್ಯವನ್ನೂ ಮೂಲಕ್ಕೆ ಒರೆ ಹಚ್ಚುತ್ತಿದ್ದರು. ಮೂಲಕ್ಕೆ ಸರಿ ಇದ್ದರೆ ಸಾಲದು, ಕೇಳಿದವರಿಗೆ ತಿಳಿಯಬೇಕು. ಅದನ್ನು ನೋಡುವ ಕೆಲಸಕ್ಕೆ ತಮ್ಮ ನನ್ನನ್ನು ಕರೆದ.

‘ನಾಲ್ಕನೇತ್ತಾ ಓದಿದಾಕಿ ನಾ ಏನ್ ಪರೀಕ್ಷಾ ಮಾಡ್ಲೋ?’ ಎಂದೆ.

‘ಅದಕ್ಕ ನೀ ಬೇಕವಾ ಅಕ್ಕಾ. ಓದಿದವರು ಹೋದ್ರ ಮಂದಿ ಹೆದರಿ ಎಲ್ಲಾದಕ್ಕೂ ಹೌದ್ರಿ ಅಂತಾರ.’

ಬಾಯಾರು ನನಗೆ ನಿಯಮ ಹೇಳಿಕೊಟ್ಟರು. ಕೇಳುವವರು ಆ ಕಥೆಯನ್ನು ಹಿಂದೆಂದೂ ಕೇಳಿರಬಾರದು; ಆದ್ದರಿಂದ ನಮ್ಮ ಸಭೆಯವರು ನಡೆಯುವುದಿಲ್ಲ. ಮನೆಯ ಹಿರಿಯರ ಒಪ್ಪಿಗೆ ಕೇಳಬೇಕು. ಇದು ನಮ್ಮ ಧರ್ಮದ ಪುಸ್ತಕದ ಕಥೆ, ನೀವು ನಂಬಬೇಕಾಗಿಲ್ಲ, ಮಾತು ತಿಳಿಯಿತೋ ಇಲ್ಲವೋ ಅಷ್ಟೇ ಹೇಳಿ ಎಂದು ಮೊದಲೇ ಸ್ಪಷ್ಟ ಮಾಡಬೇಕು. ಕಥೆಯನ್ನು ಎರಡು ಸಲ ಕೇಳಿಸಬೇಕು. ‘ಈಗ ನೀವು ನನಗೆ ಹೇಳ್ರಿ’ ಎಂದು ಕೇಳಿ, ಅವರು ಹೇಳಿದ್ದನ್ನು ಇನ್ನೊಂದು ಫೋನಿನಲ್ಲಿ ಹಿಡಿದುಕೊಳ್ಳಬೇಕು. ತಪ್ಪು ಹೇಳಿದರೂ ತಿದ್ದಬಾರದು, ತಲೆ ಕೂಡ ಆಡಿಸಬಾರದು. ಕೊನೆಗೆ ಹಾಳೆಯಲ್ಲಿರುವ ನಾಲ್ಕು ಪ್ರಶ್ನೆ ಕೇಳಬೇಕು. ತಿಳಿದಿದ್ದರೆ ನೀಲಿ ಗುರುತು, ತಿಳಿಯದಿದ್ದರೆ ಕೆಂಪು ಗೆರೆ. ಕೆಂಪು ಬಿದ್ದ ಕಥೆ ತಮ್ಮನ ಮೇಜಿಗೆ ವಾಪಸ್ಸು. ಅವನು ಆ ಧ್ವನಿಯನ್ನು ಕೇಳಿ, ಎಲ್ಲಿ ತೊಡಕಾಯಿತು ಎಂದು ನೋಡಿ, ಹೊಸದಾಗಿ ಬರೆಯಬೇಕು. ನೀಲಿ ಬಿದ್ದದ್ದನ್ನು ಅವನು ಕೇಳುವ ಅಗತ್ಯವಿರಲಿಲ್ಲ, ಹಾಗೇ ತೆಗೆದಿಡುತ್ತಿದ್ದ.

ನನ್ನ ಮೊದಲ ಹಳ್ಳಿ ಸಿಂದಗಿ ತಾಲ್ಲೂಕಿನ ದೇವಣಗಾಂವ. ಕುರಿ ಸಾಕುವ ಒಂದು ಮನೆಯ ಅಂಗಳದಲ್ಲಿ ಐದಾರು ಹೆಂಗಸರು ಸೇರಿದರು. ಕಳೆದ ಕುರಿಯ ಕಥೆ ಹಚ್ಚಿದೆ. ಒಬ್ಬನಿಗೆ ನೂರು ಕುರಿ, ಒಂದು ತಪ್ಪಿಸಿಕೊಳ್ಳುತ್ತದೆ, ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಅವನು ಆ ಒಂದನ್ನು ಹುಡುಕಲು ಹೋಗುತ್ತಾನೆ. ಅಷ್ಟು ಕೇಳಿದ್ದೇ ತಡ, ಮನೆಯ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

‘ಒಂದ್ ಕುರಿ ಸಲುವಾಗಿ ಉಳದದ್ದೆಲ್ಲಾ ತ್ವಾಳದ ಬಾಯಿಗೆ ಬಿಟ್ಟು ಹ್ವಾದ್ನಾ? ಅವನ ಹೇಂತಿ ಬಡಗಿ ತಗೊಂಡು ಬಡೀಲಿಲ್ಲೇನು?’

‘ಅತ್ತಿ, ಅಂವಗ ಹೇಂತೀನ ಇರಾಕಿಲ್ಲ ಬಿಡ್ರಿ. ಇಂಥಾವಗ ಯಾರ್ ಕೊಡ್ತಾರ ಹೆಣ್ಣು!’ ಎಂದಳು ಸೊಸೆ. ಇಡೀ ಅಂಗಳ ನಕ್ಕಿತು.

ಅವರು ನಕ್ಕದ್ದು ಕಥೆಗೆ. ನನಗೆ ಮಾತ್ರ ನನ್ನ ತಮ್ಮನನ್ನೇ ನೋಡಿ ನಕ್ಕಂತೆ ಆಯಿತು. ನಾಲ್ಕು ವರ್ಷ ಅವನು ಕಣ್ಣು ಸೋಲುವವರೆಗೆ ಕೂತದ್ದನ್ನು ನೋಡಿದವಳು ನಾನು. ಫೋನ್ ನಿಲ್ಲಿಸಿದೆ. ನಿಯಮ ಮರೆತು ಬಾಯಿ ತೆಗೆದೆ.

‘ಹಂಗ ಯಾರ್ ಬಿಡ್ತಾರಬೇ? ಕುರಿ ಕಾಯಾಕ ಅವನ ತಮ್ಮ ಇದ್ದ. ತಮ್ಮಗ ಒಪ್ಪಿಸಿ ಹ್ವಾದ.’

‘ಹಾಂ, ಹಂಗಂದ್ರ ಸರಿ,’ ಎಂದಳು ಮುದುಕಿ. ಕಥೆ ಅವಳಿಗೆ ಕೂಡಲೇ ಹಿಡಿಸಿತು. ಆ ನಗುವಿನ ಧ್ವನಿಯನ್ನು ಅಳಿಸಿ, ಹೊಸದಾಗಿ ಹಿಡಿದುಕೊಂಡೆ. ಅವಳು ಎಷ್ಟು ಚೆಂದ ಹೇಳಿದಳೆಂದರೆ ನನಗೇ ಮೈ ಜುಮ್ಮೆಂದಿತು. ಹಾಳೆಗೆ ನಾಲ್ಕು ನೀಲಿ ಗುರುತು ಹಾಕಿದೆ.

ಒಂದು ಸಲ ಮಾಡಿದ್ದು ಎರಡನೇ ಸಲ ಸುಲಭವಾಯಿತು. ಮುಂದಿನ ಹಳ್ಳಿಗಳಲ್ಲಿ ನಗು ಬರುವ ತನಕ ಕಾಯಲೂ ಇಲ್ಲ. ಚಹಾ ಕುಡಿಯುತ್ತ, ಫೋನ್ ಚೀಲದಲ್ಲೇ ಇಟ್ಟು, ಮೊದಲು ನಾನೇ ಕಥೆ ಹೇಳಿಬಿಡುತ್ತಿದ್ದೆ. ಕಥೆ ಹೇಳುವುದರಲ್ಲಿ ನನ್ನದು ಎತ್ತಿದ ಕೈ. ಮಂಡಿಯಲ್ಲಿ ಹಣ್ಣು ಆರಿಸುವಾಗ ಇಡೀ ಸಾಲು ಸುಮ್ಮನಾಗಿ ನನ್ನ ಮಾತು ಕೇಳುತ್ತಿತ್ತು. ಎಲ್ಲಿ ತೊಡಕಿದೆಯೋ ಅಲ್ಲಿ ಒಂದು ಮಾತು ಸೇರಿಸಿ ಸರಾಗ ಮಾಡುತ್ತಿದ್ದೆ. ಆಮೇಲೆ ಫೋನ್ ಹಚ್ಚಿದರೆ ಎಲ್ಲರಿಗೂ ಎಲ್ಲವೂ ತಿಳಿಯುತ್ತಿತ್ತು. ಇಂಗಳೇಶ್ವರದಲ್ಲಿ ನೀಲಿ. ಮುದ್ದೇಬಿಹಾಳದ ಹತ್ತಿರದ ಹಳ್ಳಿಯಲ್ಲಿ ನೀಲಿ. ಹದಿನಾಲ್ಕು ಕಥೆ, ಒಂದಕ್ಕೂ ಕೆಂಪಿಲ್ಲ.

ಹಾಳೆಗಳನ್ನು ನೋಡಿ ಬಾಯಾರು ಹುಬ್ಬು ಗಂಟಿಕ್ಕಿದರು. ‘ಒಂದೂ ಕೆಂಪು ಬರ್ಲಾರದ್ದು ನಾ ಎಲ್ಲೂ ನೋಡಿಲ್ಲ,’ ಎಂದರು. ತಮ್ಮ ಮಾತ್ರ ಹಾಳೆಗಳನ್ನು ಮತ್ತೆ ಮತ್ತೆ ತಿರುವಿ ಹಾಕಿದ. ಅವನ ಮುಖದ ಮೇಲೆ ಬಂದ ಬೆಳಕನ್ನು ನೋಡಿ ನನಗೆ ಹೊಟ್ಟೆ ತುಂಬಿತು. ನಾನು ಮಾಡಿದ್ದು ಪಾಪ ಎಂಬುದು ಆಗ ನೆನಪಿಗೂ ಬರಲಿಲ್ಲ.

ಮೂರು ತಿಂಗಳ ಸಭೆ ಬಂತು. ತಮ್ಮನ ಅನುವಾದವನ್ನು ಭಾನುವಾರ ಓದಬಹುದೋ ಇಲ್ಲವೋ ಎಂದು ಅಂದು ನಾಲ್ಕೂ ಕಡೆಯವರು ತೀರ್ಮಾನಿಸಬೇಕಿತ್ತು. ಬೆಳಿಗ್ಗೆ ತಮ್ಮ ನನ್ನನ್ನು ಕೇಳಿದ: ‘ಅಕ್ಕಾ, ಕೇಳಿದವರ ಧ್ವನಿ ಮಂದಿಗೆ ಕೇಳಸ್ಬೇಕಂತ ಮಾಡೇನಿ. ಯಾವುದು ಭಾಳ ಚಲೋ ಬಂದೈತಿ?’

‘ಕುರಿ ಕಥಿ,’ ಎಂದೆ. ಯೋಚನೆಯನ್ನೂ ಮಾಡಲಿಲ್ಲ. ಅಷ್ಟು ಸಲ ಹೇಳಿ ಹೇಳಿ, ಆ ತಮ್ಮ ಕುರಿಗಳ ಪಕ್ಕದಲ್ಲಿ ಮೊದಲಿನಿಂದಲೂ ನಿಂತೇ ಇದ್ದಾನೆ ಎಂದು ನನ್ನ ಮನಸ್ಸು ನಂಬಿಬಿಟ್ಟಿತ್ತು.

ಸಭೆಯಲ್ಲಿ ದೇವಣಗಾಂವದ ಮುದುಕಿಯ ಧ್ವನಿ ಬಂತು: ‘...ತಮ್ಮಗ ಕುರಿ ಒಪ್ಪಿಸಿ ಹ್ವಾದ್ನ್ರಿ ಅಂವಾ.’ ಜನ ಮೆಚ್ಚಿ ತಲೆದೂಗಿದರು. ಇಂಗಳೇಶ್ವರದವನು: ‘ಅಣ್ಣ ಹುಡುಕಾಕ ಹ್ವಾದ, ತಮ್ಮ ಕುರಿ ಕಾಯಾಕತ್ತಿದ್ದ.’ ಮೂರನೆಯ ಧ್ವನಿಯಲ್ಲೂ ತಮ್ಮ. ಆಗ ಬಾಗೇವಾಡಿಯ ಹಿರಿಯರು ಎದ್ದರು.

‘ಈ ತಮ್ಮ ಯಾವಾವಪಾ?’

ಹಿರಿಯರು ಕಪ್ಪು ಪುಸ್ತಕ ತೆರೆದು ಆ ಭಾಗವನ್ನು ಓದಿದರು. ತಮ್ಮ ಇರಲಿಲ್ಲ. ಸಿಂದಗಿಯವರು ತಮ್ಮ ಹೊಸ ಪುಸ್ತಕ ನೋಡಿದರು. ಅದರಲ್ಲೂ ಇಲ್ಲ. ಹಿಂದಿನ ಸಾಲಿನ ಹುಡುಗರು ಫೋನ್ ತೆಗೆದರು. ‘ಇಲ್ರಿ, ಇದರಾಗೂ ಇಲ್ಲ.’ ಯಾವ ಪುಸ್ತಕ ನಂಬಬೇಕು ಎಂದು ವರ್ಷಗಟ್ಟಲೆ ಕಿತ್ತಾಡಿದವರು ಅಂದು ಮೊದಲ ಸಲ ಒಂದೇ ಮಾತಿಗೆ ಬಂದರು. ಆ ತಮ್ಮ ಎಲ್ಲಿಯೂ ಇಲ್ಲ.

‘ದೇವರ ಮಾತಿಗೆ ತಂದೊಂದು ಮಾತು ಕೂಡಸೂದಂದ್ರ ಏನು ಅಂತ ಗೊತ್ತೈತಿಲ್ಲೋ ನಿನಗ?’ ಹಿರಿಯರು ಕೇಳಿದರು. ಬೈಯಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

ತಮ್ಮ ತನ್ನ ಕರಡನ್ನು ತಿರುವಿದ. ನನ್ನ ಕಡೆ ಒಂದು ಸಲ ನೋಡಿದ. ನಾನು ನೆಲದ ಫರಸಿಕಲ್ಲು ನೋಡಿದೆ. ಆಗ ಎದ್ದು ನಿಂತು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏಳಲಿಲ್ಲ. ಹಳ್ಳಿಗಳಲ್ಲಿ ನಿಲ್ಲದ ನನ್ನ ಬಾಯಿ, ಮಾತಾಡಲೇಬೇಕಾದ ಕಡೆ ಮುಚ್ಚಿಕೊಂಡಿತು.

‘ಎಲ್ಲೋ ತಪ್ಪಾಗೈತ್ರಿ,’ ಎಂದ ತಮ್ಮ. ‘ಜವಾಬ್ದಾರಿ ನಂದು.’

ಮುಂದಿನ ಸಭೆಯಲ್ಲಿ ತೀರ್ಮಾನ, ಅಲ್ಲಿಯತನಕ ಹೊಸ ಕಥೆಗಳ ಕೆಲಸ ಬಂದ್ ಎಂದಾಯಿತು. ಹೊರಗೆ ಬರುವಾಗ ಯಾರೋ ‘ಸುವಾರ್ತಾ ತಿದ್ದಾವ’ ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು. ಮೂಲಕ್ಕೆ ಒಂದು ಮಾತು ಹೆಚ್ಚಾಯಿತೆಂದು ವಾರಗಟ್ಟಲೆ ಬಾಯಾರ ಜೊತೆ ಚರ್ಚಿಸುತ್ತಿದ್ದವನಿಗೆ ಆ ಹೆಸರು.

ಮನೆಯಲ್ಲಿ ತಮ್ಮ ನನ್ನನ್ನು ಏನೂ ಕೇಳಲಿಲ್ಲ. ಅಕ್ಕ ಹೀಗೆ ಮಾಡಿರಬಹುದು ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ, ಅದು ಆಮೇಲೆ ಗೊತ್ತಾಯಿತು. ತಪ್ಪು ತನ್ನ ವಾಕ್ಯದಲ್ಲೇ ಇದೆ ಎಂದು ಅವನು ತೀರ್ಮಾನಿಸಿದ್ದ. ಮೂರು ಹಳ್ಳಿಯವರಿಗೆ ಒಬ್ಬ ತಮ್ಮ ಕಾಣಿಸಿದ್ದಾನೆ ಎಂದರೆ ಬರಹದಲ್ಲೇ ಏನೋ ಅಂಥದ್ದು ಇರಬೇಕು. ಹನ್ನೊಂದು ದಿನ ಆ ಒಂದೇ ಕಥೆಯನ್ನು ಒಡೆದು ಕಟ್ಟಿದ. ‘ಅವನು ಒಬ್ಬನೇ ಇದ್ದನು’ ಎಂದು ಒಂದು ಕಡೆ ಸೇರಿಸಿದ. ‘ಜೊತೆಗೆ ಯಾರೂ ಇರಲಿಲ್ಲ’ ಎಂದು ಇನ್ನೊಂದು ಕಡೆ. ಮತ್ತೆ ಹೊಡೆದು ಹಾಕಿದ. ಹನ್ನೆರಡನೇ ದಿನ ಮಧ್ಯಾಹ್ನ ನಾನು ರೊಟ್ಟಿ ತಟ್ಟುತ್ತಿದ್ದಾಗ ಒಳಗಿನಿಂದ ಗಟ್ಟಿಯಾಗಿ ಓದಿಕೊಳ್ಳುವುದು ಕೇಳಿತು. ಮೊದಲು ಹರಿಯುವ ನೀರಿನಂತಿದ್ದ ಕಥೆ ಈಗ ಕುಂಟುತ್ತಿತ್ತು. ಸರಿಯಾಗಿದ್ದುದನ್ನು ಅವನು ನನ್ನ ಸುಳ್ಳಿಗೋಸ್ಕರ ಕೆಡಿಸುತ್ತಿದ್ದ.

ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲಲ್ಲಿ ನಿಂತೆ. ‘ಬರೀಬ್ಯಾಡೋ ತಮ್ಮಾ. ಆ ತಮ್ಮನ್ನ ನಿಲ್ಲಿಸಿದಾಕಿ ನಾನು,’ ಎಂದೆ. ಮುದುಕಿಯ ನಗುವಿನಿಂದ ಹಿಡಿದು ಹದಿನಾಲ್ಕು ಕಥೆಯವರೆಗೂ ಎಲ್ಲ ಹೇಳಿದೆ.

ಅವನು ಪೆನ್ನಿಗೆ ಟೊಪ್ಪಿಗೆ ಹಾಕಿ ಪಕ್ಕಕ್ಕಿಟ್ಟ. ಆಮೇಲೆ ಅಂದ: ‘ಮಂದಿ ಮಾತು ಕೇಳ್ಕೊಂಡು ಬಾ ಅಂತ ನಿನ್ನ ಕಳಿಸಿದ್ನೆವಾ ಅಕ್ಕಾ. ನಿನ್ನ ಮಾತು ನಾ ಹುಟ್ಟಿದಾಗಿಂದ ಕೇಳಾಕತ್ತೇನಿ.’

‘ಅವರು ನಕ್ಕರೋ. ನನಗ ತಡಿಯಾಕ ಆಗ್ಲಿಲ್ಲ.’

‘ಆ ನಗೀನ ನನಗ ಬೇಕಾಗಿತ್ತು! ಅವರು ಯಾಕ ನಕ್ಕರು ಅನ್ನೂದು ತಿಳಿಲಾರದ ನಾ ಏನಂತ ಬರೀಲಿ?’

ಅವತ್ತು ಅವನು ಊಟ ಮಾಡಲಿಲ್ಲ. ಮರುದಿನ ಬಾಯಾರಿಗೆ ಫೋನ್ ಮಾಡಿ ಎಲ್ಲ ತಿಳಿಸಿದ. ಹದಿನಾಲ್ಕು ಹಾಳೆಗಳೂ ರದ್ದಾದವು. ಹಳೆಯ ಕೇಳುಗರೂ ಇನ್ನು ಉಪಯೋಗಕ್ಕೆ ಬಾರರು, ಅವರ ಕಿವಿಯಲ್ಲಿ ನನ್ನ ಕಥೆ ಕೂತಿದೆ. ಹೊಸ ಮನೆ, ಹೊಸ ಜನ ಬೇಕು. ಸಭೆಗೆ ಎರಡೂವರೆ ತಿಂಗಳು ಉಳಿದಿತ್ತು. ಆದರೆ ಇನ್ನೊಂದು ತೊಡಕಿತ್ತು. ನಾವೇ ಮತ್ತೆ ಹೋಗಿ ಸರಿಯಾದ ಧ್ವನಿ ತಂದರೂ ಅದನ್ನು ನಂಬುವವರು ಯಾರು?

ಆಗ ನಾನು ಒಂದು ಮಾತು ಹೇಳಿದೆ. ನನ್ನ ಬದುಕಿನಲ್ಲಿ ನಾನು ಕೊಟ್ಟ ಒಳ್ಳೆಯ ಸಲಹೆ ಅದೊಂದೇ ಎಂದು ತಮ್ಮ ಈಗಲೂ ಚೇಷ್ಟೆ ಮಾಡುತ್ತಾನೆ. ‘ಬಾಗೇವಾಡಿ ಹಿರಿಯರನ್ನ ಕರ್ಕೊಂಡು ಹೋಗೂಣು. ಫೋನ್ ಅವರ ಕೈಯಾಗ ಇರ್ಲಿ.’

‘ಅವರು ಬರ್ತಾರೇನು?’

‘ಬರಂಗಿಲ್ಲ ಅಂದ್ರ ಅಲ್ಲೇ ಕೂಡ್ತೇನಿ.’

ವಿಜಯಪುರದಲ್ಲಿ ಬಸ್ ಬದಲಿಸಿ ಒಬ್ಬಳೇ ಬಾಗೇವಾಡಿಗೆ ಹೋದೆ. ಹಿರಿಯರು ಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕೇಳಿ ಮುಗಿಸಿ ಅವರು ಕನ್ನಡಕವನ್ನು ಬದಿಗಿಟ್ಟರು.

‘ಇದನ್ನ ನನ್ನ ಮುಂದ ಹೇಳಿದ್ರ ಏನ್ ಬಂತು? ಸಭಾದಾಗ ಅವನ ಮಾನ ಹೋಗೈತಿ, ಸಭಾದಾಗ ಹೇಳು.’

‘ಹೇಳ್ತೇನ್ರಿ, ಎದ್ದು ನಿಂತು ಹೇಳ್ತೇನಿ. ಆದ್ರ ಬರೇ ನನ್ನ ತಪ್ಪು ಹೇಳಿದ್ರ ಅವನ ಕೆಲಸ ಖರೆ ಆಗಂಗಿಲ್ಲಲ್ರಿ. ನೀವ ಬಂದು ಕೇಳ್ರಿ. ತಿಳಿಲಿಲ್ಲಂದ್ರ ತಿಳಿಲಿಲ್ಲ ಅಂತ ನೀವ ಬರೀರಿ.’

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ‘ಹಂಗಾದ್ರ ನನ್ನ ಪುಸ್ತಕಾನೂ ಕೇಳಸ್ಬೇಕು. ನಾ ಓದ್ತೇನಿ. ಮಂದಿಗೆ ಯಾವುದು ತಿಳಿತೈತಿ ನೋಡೇ ಬಿಡೂಣು.’

‘ಆಗ್ಲಿರಿ.’

‘ಮತ್ತ ನೀ?’

‘ನಾ ಬಾಯಿ ತಗ್ಯಂಗಿಲ್ರಿ.’

‘ಅದನ್ನ ನೋಡಾಕರೆ ಬರ್ತೇನಿ ನಡಿ,’ ಎಂದರು.

ಏಳು ವಾರ ನಾವು ಮೂವರು ತಿರುಗಿದೆವು. ಹಿರಿಯರು ಹಳೆಯ ಪುಸ್ತಕದ ಭಾಗಗಳನ್ನು ತಾವೇ ಓದಿ ಧ್ವನಿ ಹಿಡಿದು ತಂದಿದ್ದರು. ಅವರ ಓದಿಗೆ ಒಂದು ಗಾಂಭೀರ್ಯ ಇದೆ, ನಾನು ಸುಮ್ಮನೆ ಹೇಳುತ್ತಿಲ್ಲ. ಒಂದು ಮನೆಯಲ್ಲಿ ಮೊದಲು ಹಳೆಯದು, ಮುಂದಿನ ಮನೆಯಲ್ಲಿ ಮೊದಲು ತಮ್ಮನದು, ಹೀಗೆ ಅದಲು ಬದಲು ಮಾಡುತ್ತ ಹೋದೆವು. ತಮ್ಮ ಹೊರಗೆ ಬೈಕಿನ ಹತ್ತಿರವೇ ನಿಲ್ಲುತ್ತಿದ್ದ. ಬರೆದವನು ಎದುರಿಗಿದ್ದರೆ ಜನ ಮುಲಾಜಿಗೆ ಬೀಳುತ್ತಾರೆ.

ಇಂಗಳೇಶ್ವರದಲ್ಲಿ ಮೊದಲ ಸಲ ಹೋದ ಓಣಿ ಬಿಟ್ಟು ಇನ್ನೊಂದು ಓಣಿಗೆ ಹೋದೆವು. ತೊಗರಿ ಹಸನು ಮಾಡುತ್ತಿದ್ದ ಮೂವರು ಹೆಂಗಸರು, ಆಗಷ್ಟೇ ಕುರಿ ಹೊಡೆದುಕೊಂಡು ಬಂದ ಒಬ್ಬ ಗಂಡಸು. ಹಿರಿಯರ ಓದು ಕೇಳಿ ಹೆಂಗಸರು ಮೊರ ಕೆಳಗಿಟ್ಟು ಕೈ ಮುಗಿದರು.

‘ಭಾಳ ಚಲೋ ಐತ್ರಿ. ಪುರಾಣ ಓದಿದಂಗ ಐತಿ.’

ಹಿರಿಯರ ಮುಖ ಅರಳಿತು. ‘ಏನ್ ಆತು ಅದರಾಗ, ಹೇಳ್ರಿ ನೋಡೂಣು?’

‘ಯಾರೋ ದೊಡ್ಡವರು... ಏನೋ ಬುದ್ಧಿ ಹೇಳಿದ್ರು. ಕುರಿ ಅಂತ ಒಂದ್ ಮಾತು ಬಂತಲ್ಲೇ?’

‘ಬಂತು, ಬಂತು,’ ಎಂದಳು ಇನ್ನೊಬ್ಬಳು. ಅಷ್ಟೇ.

ಹಿರಿಯರು ಪೆನ್ನು ತೆಗೆದರು. ತಮ್ಮದೇ ಹಾಳೆಗೆ ತಾವೇ ಕೆಂಪು ಗೆರೆ ಎಳೆದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ಆಮೇಲೆ ತಮ್ಮನದನ್ನು ಹಚ್ಚಿದರು. ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಜಾಗ ಬಂತು. ಕುರಿಯವನು ಪಕ್ಕನೆ ನಕ್ಕ.

‘ಹುಚ್ಚ ಅದಾನ್ರಿ ಇಂವಾ!’

ನನ್ನ ನಾಲಿಗೆ ತುದಿಗೆ ಮಾತು ಬಂದು ನಿಂತಿತು. ಹಿರಿಯರು ನನ್ನ ಕಡೆ ನೋಡದೆಯೇ ಅಂಗೈ ಎತ್ತಿದರು. ಕೆಳತುಟಿ ಕಚ್ಚಿಕೊಂಡೆ. ಕಥೆ ಎರಡನೇ ಸಲವೂ ಮುಗಿಯಿತು.

‘ಈಗ ನೀವ ಹೇಳ್ರಿ,’ ಎಂದರು ಹಿರಿಯರು.

ಕುರಿಯವನು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿದ. ಕೊನೆಗೆ ತಲೆ ಕೆರೆದುಕೊಂಡ. ‘ಹುಚ್ಚ ಅಂದ್ನೆಲ್ರಿ ನಾ, ಹಂಗಲ್ಲ ಅದು. ಉಳದವು ಎಲ್ಲಿ ಅದಾವ ಅಂತ ಅಂವಗ ಗೊತ್ತೈತಿ. ಅದೊಂದ ಎಲ್ಲೈತೋ ಗೊತ್ತಿಲ್ಲ. ಅಂಥಾಗ ಲೆಕ್ಕ ಯಾರ್ ಮಾಡ್ತಾರ್ರಿ? ಆ ಕುರಿ ಮ್ಯಾಲ ಜೀವ ಅವಂದು. ಜೀವ ಇದ್ದಾವ ಮಾಡೂದ ಹಂಗ.’

‘ನೀ ಬಿಟ್ಟು ಹೋಗ್ತೀಯೇನು?’ ಎಂದಳು ಒಬ್ಬಳು.

‘ನಾ ಹೋಗಂಗಿಲ್ಲವಾ. ಅದಕ್ಕ ಅವನ ಕಥಿ ಹೇಳ್ಯಾರ, ನಂದು ಹೇಳಿಲ್ಲ.’

ಅವರೆಲ್ಲ ನಕ್ಕರು. ನನಗೆ ಮಾತ್ರ ಕಣ್ಣು ತುಂಬಿತು. ಅವನು ಎಲ್ಲವನ್ನೂ ಬಿಟ್ಟು ಹೋದ ಎನ್ನುವುದರಲ್ಲೇ ಆ ಕಥೆಯ ಜೀವ ಇತ್ತು. ಬುದ್ಧಿವಂತೆ ನಾನು, ಅಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ ಅದನ್ನು ಸಾಮಾನ್ಯ ವ್ಯವಹಾರ ಮಾಡಿಬಿಟ್ಟಿದ್ದೆ. ನನ್ನ ತಮ್ಮ ಅದನ್ನು ಇದ್ದ ಹಾಗೇ ಬರೆದಿದ್ದ. ನಗು ಬಂದರೆ ಬರಲಿ ಎಂದು ಬಿಟ್ಟಿದ್ದ. ಅವನ ಕೆಲಸ ಎಂಥದ್ದು ಎಂದು ನನಗೆ ಅರ್ಥವಾದದ್ದು ಆ ತೊಗರಿಯ ಧೂಳಿನಲ್ಲಿ ಕೂತಾಗ.

ಎಲ್ಲವೂ ಹಾಗೆ ಗೆಲ್ಲಲಿಲ್ಲ. ಹೊಸ ದ್ರಾಕ್ಷಾರಸವನ್ನು ಹಳೆಯ ತೊಗಲಿನ ಚೀಲಕ್ಕೆ ಹಾಕಬಾರದು ಎನ್ನುವ ಮಾತು ಮುದ್ದೇಬಿಹಾಳದ ಕಡೆ ಪೂರ್ತಿ ಬಿದ್ದುಹೋಯಿತು. ‘ತೊಗಲಿನ ಚೀಲದಾಗ ಯಾಕ ಹಾಕ್ತಾರ್ರಿ? ಬಾಟ್ಲಿ ಸಿಗಲಿಲ್ಲೇನು?’ ಎಂದು ಕೇಳಿದರು. ಕೆಂಪು. ಮೊದಲ ಸಲ ಇದೇ ಭಾಗಕ್ಕೆ ನಾನು ನಾಲ್ಕು ನೀಲಿ ಹಾಕಿದ್ದೆ. ಹದಿನಾಲ್ಕರಲ್ಲಿ ಐದಕ್ಕೆ ಕೆಂಪು ಬಿತ್ತು. ಪ್ರತಿ ಸಲ ತಮ್ಮ ಆ ಧ್ವನಿಯನ್ನು ಕಿವಿಗೆ ಹಚ್ಚಿಕೊಂಡು ಕೂತು, ಬಾಯಾರ ಜೊತೆ ಫೋನಿನಲ್ಲಿ ಮಾತಾಡಿ, ಮೂಲ ತಪ್ಪದ ಹಾಗೆ ಬೇರೆ ದಾರಿ ಹುಡುಕಿದ. ಐದನ್ನೂ ಮತ್ತೆ ಬೇರೆ ಹಳ್ಳಿಗಳಿಗೆ ಒಯ್ದೆವು. ಮೂರು ಗೆದ್ದವು. ಎರಡು ಕೆಂಪಾಗಿಯೇ ಉಳಿದವು.

ಸಿಂದಗಿಯ ಒಂದು ಮನೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಹಳೆಯ ಪುಸ್ತಕದ ಓದು ಮುಗಿದು, ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹಿರಿಯರಿಗೆ ತಡೆಯಲಾಗಲಿಲ್ಲ. ‘ಅದು ಹಂಗಲ್ಲವಾ, ಅದರ ಅರ್ಥ ಏನಂದ್ರ...’ ಎಂದು ಮುಂದಕ್ಕೆ ಬಾಗಿದರು.

‘ಹಿರಿಯಾರ,’ ಎಂದೆ, ‘ಬಾಯಿ.’

ಅವರು ಅರ್ಧಕ್ಕೆ ನಿಂತರು. ಕಿವಿಯೆಲ್ಲ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಬಂತು ನೋಡು, ನಿನ್ನ ಜಡ್ಡು ನನಗೂ ಬಂತು.’ ಆ ಮನೆಯವರಿಗೆ ನಾವು ಯಾಕೆ ನಗುತ್ತಿದ್ದೇವೆ ಎಂದು ತಿಳಿಯಲಿಲ್ಲ. ಆ ಹಾಳೆಯನ್ನು ಹಿರಿಯರೇ ಅಡ್ಡ ಗೆರೆ ಎಳೆದು ರದ್ದು ಮಾಡಿದರು.

ಸಭೆಯ ದಿನ ಇಂಡಿಯಲ್ಲಿ ಜಾಗ ಸಾಲದಷ್ಟು ಜನ. ಪಾಸ್ಟರ್ ಹೆಸರು ಕರೆಯುವ ಮೊದಲೇ ನಾನು ಎದ್ದೆ. ಮುಂದಿನ ಬೆಂಚು ಹಿಡಿದುಕೊಂಡೆ.

‘ಹೋದ ಸಲ ಕುರಿ ಕಥ್ಯಾಗಿನ ತಮ್ಮ ಯಾವಾವ ಅಂತ ಹಿರಿಯರು ಕೇಳಿದ್ರು. ಅವನ್ನ ನಾ ಕೂಡಿಸಿದ್ದೆ. ನನ್ನ ತಮ್ಮ ಕೂಡಿಸಿದ್ದಲ್ಲ. ಅವತ್ತ ನನಗ ಗೊತ್ತಿತ್ತು, ಸುಮ್ಮ ಕುಂತೆ. ಹನ್ನೊಂದು ದಿನ ಸುಮ್ಮ ಇದ್ದೆ. ಅವನ ಮ್ಯಾಲ ನೀವು ಹಾಕಿದ್ದು ನನ್ನ ತಪ್ಪು.’

ಇನ್ನೂ ಬಹಳ ಹೇಳಬೇಕೆಂದಿದ್ದೆ, ಅಷ್ಟೇ ಬಂತು. ಯಾರೋ ಹಿಂದೆ ‘ಅಬಬಬ’ ಎಂದರು. ತಮ್ಮ ತಲೆ ತಗ್ಗಿಸಿ ಕೂತಿದ್ದ. ಹಿರಿಯರು ಎದ್ದು ಬಂದು ಫೋನನ್ನು ಮೇಜಿನ ಮೇಲಿಟ್ಟರು. ಗೆದ್ದ ಧ್ವನಿ, ಸೋತ ಧ್ವನಿ, ತಮ್ಮದೇ ಪುಸ್ತಕ ಸೋತದ್ದು, ಬಾಟ್ಲಿ ಕೇಳಿದ್ದು, ಎಲ್ಲವನ್ನೂ ಬಿಡದೆ ಕೇಳಿಸಿದರು. ಮುಗಿದ ಮೇಲೆ ಕಪ್ಪು ಪುಸ್ತಕವನ್ನು ಎದೆಗೆ ಹಿಡಿದುಕೊಂಡೇ ಮಾತಾಡಿದರು.

‘ಇದನ್ನ ನಾ ಬಿಡಂಗಿಲ್ಲ. ನಾ ಸತ್ತಾಗ ನನ್ನ ತಲಿದೆಸಿಗೆ ನಿಂತು ಇದನ್ನ ಓದ್ರಿ. ನಮ್ಮಪ್ಪಗ ಅಕ್ಷರ ಕೊಟ್ಟದ್ದು ಇದು. ಆದ್ರ ಆ ಹುಡುಗ ಒಂದ್ ಮಾತು ಕೂಡಿಸಿಲ್ಲ, ಒಂದ್ ಮಾತು ಕಳೆದಿಲ್ಲ. ಏಳು ವಾರ ಅವನ ಬೆನ್ನ ಹತ್ತಿ ತಿರಿಗೇನಿ. ಅದಕ್ಕ ನಾ ಸಾಕ್ಷಿ.’

ತೀರ್ಮಾನ ಎಲ್ಲರಿಗೂ ಒಪ್ಪಿಗೆಯಾಯಿತು ಎಂದರೆ ಸುಳ್ಳಾದೀತು. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ತಮ್ಮನದನ್ನು ಭಾನುವಾರ ಓದುತ್ತಾರೆ. ಬಾಗೇವಾಡಿಯಲ್ಲಿ ಮೊದಲು ಹಳೆಯದನ್ನು ಓದಿ, ಆಮೇಲೆ ಫೋನಿನಿಂದ ತಮ್ಮನದನ್ನು ಕೇಳಿಸುತ್ತಾರೆ. ಒಂದೆರಡು ಮನೆಯವರು ಆ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾರೆ. ಹುಡುಗರು ಈಗಲೂ ತಮ್ಮ ಫೋನಿನದೇ ಹೆಚ್ಚು ಎನ್ನುತ್ತಾರೆ. ಇರಲಿ. ‘ಸುವಾರ್ತಾ ತಿದ್ದಾವ’ ಎಂದು ಯಾರೂ ಅನ್ನುವುದಿಲ್ಲ.

ಆ ದಿನ ಸಭೆ ಮುಗಿಸಿ ಮನೆಗೆ ನಡೆಯುತ್ತ ಮಂಡಿಯ ತಿರುವಿಗೆ ಬಂದೆವು. ಅಲ್ಲಿ ತಮ್ಮ ಕೇಳಿದ:

‘ಅಕ್ಕಾ, ಮುಂದಿನ ಹತ್ತು ಕಥಿ ತಯಾರ್ ಅದಾವ. ಸೋಮವಾರ ಹೊಂಡಬೇಕು. ಬರ್ತೀಯೋ ಇಲ್ಲೋ?’

‘ನನ್ನ ಕರೀತೀಯೇನೋ ಇನ್ನೂ?’

‘ನಿನಗ ಈಗ ಸುಮ್ಮ ಕೂಡಾಕ ಬರ್ತೈತಲ್ಲ. ಹೊಸಬರಿಗೆ ಕಲಿಸೂದು ನನ್ನ ಕಡಿಂದ ಆಗಂಗಿಲ್ಲ.’

ಹೋದೆ. ಹತ್ತರಲ್ಲಿ ನಾಲ್ಕಕ್ಕೆ ಕೆಂಪು ಬಿತ್ತು. ಒಂದು ಕಡೆ ಜನ ನಕ್ಕರು, ಇನ್ನೊಂದು ಕಡೆ ‘ಏನೂ ತಿಳಿಲಿಲ್ಲಬೇ’ ಎಂದು ಎದ್ದು ಹೋದರು. ಎಲ್ಲವನ್ನೂ ಹಾಗೇ ಹಿಡಿದು ತಂದು, ಪ್ರತಿ ಹಾಳೆಯ ಕೆಳಗೆ ನನ್ನ ವಕ್ರ ಅಕ್ಷರದಲ್ಲಿ ನನ್ನ ಹೆಸರು ಬರೆದು, ತಮ್ಮನ ಮೇಜಿನ ಮೇಲೆ ಇಟ್ಟೆ. ಕೆಂಪು ಹಾಳೆಗಳನ್ನು ಮೇಲೆ ಇಟ್ಟೆ.

ಅವನು ಅವನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತ. ‘ಚಲೋ ಕೆಲಸ ಮಾಡೀದಿ ಅಕ್ಕಾ,’ ಎಂದ.